ಮೃಗಶಿರಾ ಮಳೆಗೆ ಹತ್ತುವ ಮೀನು: ಶರಾವತಿ ಹಿನ್ನೀರಿನ ಒಂದು ವರ್ಷ

ಮೃಗಶಿರಾ ಮಳೆ ಹಿಡಿದ ಮೊದಲ ರಾತ್ರಿ ನಮ್ಮೂರಿನ ಮೋರಿಯ ಬಳಿ ನಿಂತವರಿಗೆ ಮೊದಲು ಕೇಳುವುದು ನೀರಿನ ಸದ್ದು. ಕಿವಿ ಅದಕ್ಕೆ ಒಗ್ಗಿದ ಮೇಲೆ, ಆ ಸದ್ದಿನೊಳಗಿಂದಲೇ ಯಾರೋ ಒದ್ದೆ ಬಟ್ಟೆ ಕುಕ್ಕುತ್ತಿರುವಂತೆ ಚಟ್, ಚಟ್ ಎಂಬ ಬಡಿತ ಕೇಳತೊಡಗುತ್ತದೆ. ಬ್ಯಾಟರಿ ಬಿಟ್ಟು ನೋಡಿದರೆ, ಗದ್ದೆಯ ಕೆಂಪು ನೀರು ಹಳ್ಳಕ್ಕೆ ಧುಮುಕುವ ಜಾಗದಲ್ಲಿ ಬೆರಳುದ್ದದಿಂದ ಹಿಡಿದು ಮೊಳದುದ್ದದವರೆಗಿನ ಮೀನುಗಳು ನೀರಿಗೆ ಎದೆಯೊಡ್ಡಿ ಹಾರುತ್ತಿರುತ್ತವೆ. ಒಂದು ಹಾರಿ ಕಲ್ಲಿಗೆ ಬಡಿದು ಹಿಂದಕ್ಕೆ ಬೀಳುತ್ತದೆ, ಅಷ್ಟರಲ್ಲಿ ಇನ್ನೊಂದು ಹಾರುತ್ತದೆ. ಹಿಂದಿನ ವಾರದವರೆಗೆ ಬಿರುಕು ಬಿಟ್ಟಿದ್ದ ಗದ್ದೆಯ ಕಡೆಗೆ ಅವೆಲ್ಲ ಹೊರಟಿರುತ್ತವೆ.

ಮಲೆನಾಡಿನಲ್ಲಿ ಇದಕ್ಕೆ ಹತ್ತುಮೀನು ಎನ್ನುತ್ತಾರೆ. ನೀರು ಇಳಿಯುವ ದಾರಿಯಲ್ಲಿ ತಾನು ಹತ್ತುತ್ತದೆ, ಅದಕ್ಕೇ ಆ ಹೆಸರು. ಚಿಕ್ಕವನಿದ್ದಾಗ ಇವು ಮೋಡದಿಂದ ಉದುರಿದವು ಎಂದೇ ನಂಬಿದ್ದೆ. ನಿನ್ನೆ ಧೂಳಿದ್ದ ಜಾಗಕ್ಕೆ ಇವತ್ತು ಮೀನು ಬರುವುದಾದರೂ ಎಲ್ಲಿಂದ? ಬರುವುದು ನಮ್ಮ ಮನೆಯಿಂದ ಒಂದು ಮೈಲಿ ಕೆಳಗಿರುವ ಹಿನ್ನೀರಿನಿಂದ. ಆದರೆ ಆ ರಾತ್ರಿಯೇ ಏಕೆ, ಅಷ್ಟು ಆತುರ ಏಕೆ, ಉಳಿದ ಹನ್ನೊಂದು ತಿಂಗಳು ಇವು ಎಲ್ಲಿರುತ್ತವೆ ಎಂಬುದಕ್ಕೆ ಉತ್ತರ ಬೇಕಾದರೆ ಹಿನ್ನೀರು ವರ್ಷವಿಡೀ ಏನು ಮಾಡುತ್ತದೆ ಎಂದು ನೋಡಬೇಕು.

ಶರಾವತಿ ಹೊಳೆಗೆ ಅಡ್ಡಲಾಗಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ಮುಗಿದದ್ದು 1964ರಲ್ಲಿ. ಸಾಗರ ಮತ್ತು ಹೊಸನಗರ ತಾಲ್ಲೂಕುಗಳ ಕಣಿವೆಗಳಲ್ಲಿ ಸುಮಾರು 300 ಚದರ ಕಿಲೋಮೀಟರ್ ನೆಲ ಮುಳುಗಿತು. ಊರು, ತೋಟ, ಗದ್ದೆ, ದೇವಸ್ಥಾನ, ಕಾಡು ಎಲ್ಲವೂ ಹೋದವು. ಮುಳುಗಿದವರ ಸಂಕಟದ ಕಥೆ ಬೇರೆಯೇ ಇದೆ, ಅದನ್ನು ಎರಡು ಸಾಲಿನಲ್ಲಿ ಹೇಳಿ ಮುಗಿಸುವ ಮನಸ್ಸು ನನಗಿಲ್ಲ. ಮೀನಿನ ಮಟ್ಟಿಗೆ ಹೇಳುವುದಾದರೆ, ಹರಿಯುವ ಹೊಳೆಯಲ್ಲಿ ಬಾಳಿದ್ದ ಜೀವಗಳಿಗೆ ಏಕಾಏಕಿ ನಿಂತ ನೀರಿನ ಸಮುದ್ರವೊಂದು ಸಿಕ್ಕಿತು. ಆ ನೀರು ಕೆರೆಯ ಹಾಗೆ ತನ್ನಷ್ಟಕ್ಕೆ ನಿಲ್ಲುವಂಥದ್ದೂ ಅಲ್ಲ. ಪೂರ್ಣಮಟ್ಟ ಸಮುದ್ರಮಟ್ಟದಿಂದ 1,819 ಅಡಿ. ಮಳೆ ಕೈಕೊಟ್ಟ ವರ್ಷಗಳ ಜೂನ್ ಮೊದಲ ವಾರದಲ್ಲಿ ಅದು 1,740ರ ಆಸುಪಾಸಿಗೆ ಇಳಿದದ್ದುಂಟು. ನೀರು ಪ್ರತಿ ವರ್ಷ ಏರುತ್ತದೆ, ಇಳಿಯುತ್ತದೆ, ಕೆಲವು ವರ್ಷ ಏಳೆಂಟು ಮಾಳಿಗೆಯ ಕಟ್ಟಡದ ಎತ್ತರದಷ್ಟು. ಏರಿಸುವುದು ಘಟ್ಟದ ಮಳೆ. ಇಳಿಸುವುದು ಕೆಳಗಿನ ವಿದ್ಯುದಾಗಾರ. ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟ್. ರಾಜ್ಯಕ್ಕೆ ಎಷ್ಟು ಕರೆಂಟು ಬೇಕೋ ಅಷ್ಟು ನೀರು ಕೆಳಗೆ ಹೋಗುತ್ತದೆ.

ಒಂದು ಸಣ್ಣ ಲೆಕ್ಕ ಹಾಕಿ ನೋಡೋಣ. ಅಕ್ಟೋಬರ್‌ನಿಂದ ಮೇ ಕೊನೆಯವರೆಗೆ, ಅಂದರೆ ಸುಮಾರು 240 ದಿನಗಳಲ್ಲಿ, ನೀರು 70 ಅಡಿ ಇಳಿಯಿತು ಎಂದುಕೊಳ್ಳಿ. ದಿನಕ್ಕೆ ಸರಾಸರಿ ಮೂರೂವರೆ ಅಂಗುಲವಾಯಿತು. ಕೇಳಿದರೆ ಏನೂ ಅಲ್ಲ ಎನಿಸುತ್ತದೆ. ಆದರೆ ಹಿನ್ನೀರಿನ ದಡ ಬಾವಿಯ ಗೋಡೆಯಂತೆ ನೆಟ್ಟಗಿಲ್ಲ. ಹಳೆಯ ಗದ್ದೆ ಬಯಲುಗಳಾದ ಕಡೆ ಐವತ್ತು ಅಡಿ ನಡೆದರೆ ಒಂದು ಅಡಿ ಇಳಿಜಾರು. ಅಂಥ ಕಡೆ ಮೂರೂವರೆ ಅಂಗುಲ ನೀರು ಇಳಿದರೆ ದಡ ಹದಿನಾಲ್ಕು ಹದಿನೈದು ಅಡಿ ಹಿಂದಕ್ಕೆ ಸರಿಯುತ್ತದೆ. ಬೆಳಿಗ್ಗೆ ನೀರಿನಲ್ಲಿ ಬಿಟ್ಟುಹೋದ ತೆಪ್ಪ ಮರುದಿನ ಬೆಳಿಗ್ಗೆ ಕೆಸರಿನಲ್ಲಿರುತ್ತದೆ. ಈ ಓಡಾಡುವ ಅಂಚನ್ನು ಮನಸ್ಸಿನಲ್ಲಿಟ್ಟುಕೊಂಡರೆ ಹಿನ್ನೀರಿನ ಮೀನಿನ ಅರ್ಧ ನಡವಳಿಕೆ ತಾನಾಗಿಯೇ ಬಿಡಿಸಿಕೊಳ್ಳುತ್ತದೆ. ನಮ್ಮ ಕಡೆ ಮೀನು ಹಿಡಿಯುವ ಹಿರಿಯರು ತಿಂಗಳು ಕೇಳುವುದಿಲ್ಲ. ಅವರು ಕೇಳುವುದು ಎರಡೇ: ನೀರು ಏರುತ್ತಿದೆಯೋ, ಇಳಿಯುತ್ತಿದೆಯೋ? ಬಣ್ಣ ಹೇಗಿದೆ?

ಮೇಲಿನಿಂದ ಒಂದೇ ಹಾಳೆಯಂತೆ ಕಾಣುವ ನೀರಿನ ಅಡಿಯಲ್ಲಿ ಬೇರೆ ಬೇರೆ ಜಾಗಗಳಿವೆ. ನಡುವೆ ಹಳೆಯ ಹೊಳೆಯ ಪಾತ್ರ, ಎಲ್ಲಕ್ಕಿಂತ ಆಳ. ಅದಕ್ಕೆ ಹೊಂದಿಕೊಂಡು ಹರಿದ್ರಾವತಿ, ನಂದಿಹೊಳೆ, ಮಾವಿನಹೊಳೆ, ಹುರಳಿಹೊಳೆ, ಎಣ್ಣೆಹೊಳೆಗಳು ಬಂದು ಸೇರುವ ಕಡೆಗಳಲ್ಲಿ ಬೆರಳುಗಳಂತೆ ಚಾಚಿದ ಕವಲುಗಳು. ಇವುಗಳ ನಡುವೆ ತೆಳುನೀರಿನ ಬಯಲುಗಳು, ಅಲ್ಲಲ್ಲಿ ಕಡಿಯದೆ ಬಿಟ್ಟ ಕಾಡು. ಅರವತ್ತು ವರ್ಷಗಳ ಹಿಂದೆ ಮುಳುಗಿದ ಮರಗಳ ಬೊಡ್ಡೆಗಳು ಇವತ್ತಿಗೂ ಕಪ್ಪಾಗಿ ನಿಂತಿವೆ. ಬಲೆ ಹಾಕುವವರಿಗೆ ಈ ಬೊಡ್ಡೆಗಳು ಶತ್ರು, ಮೀನಿಗೆ ಅವೇ ಮನೆ. ಬೊಡ್ಡೆಯ ಮೇಲೆ ಪಾಚಿ ಬೆಳೆಯುತ್ತದೆ, ಪಾಚಿಗೆ ಹುಳು ಬರುತ್ತದೆ, ಹುಳುವಿಗೆ ಸಣ್ಣ ಮೀನು, ಸಣ್ಣ ಮೀನಿಗೆ ಬಾಳೆಮೀನು.

ಈಗ ಮೋರಿಗೆ ಮರಳೋಣ.

ಹತ್ತುವ ಮೀನಿನ ತಯಾರಿ ಮಳೆಗಿಂತ ಬಹಳ ಮೊದಲೇ ಶುರುವಾಗಿರುತ್ತದೆ. ಹಗಲು ಉದ್ದವಾಗುತ್ತ, ನೀರು ಬಿಸಿಯಾಗುತ್ತ ಬಂದಂತೆ ಹೆಣ್ಣುಮೀನಿನ ಹೊಟ್ಟೆಯಲ್ಲಿ ಮೊಟ್ಟೆ ಬಲಿಯತೊಡಗುತ್ತದೆ. ಮೇ ಹೊತ್ತಿಗೆ ಬಹುಪಾಲು ಬಲಿತು, ಕೊನೆಯ ಹಂತಕ್ಕೆ ಒಂದು ಹೆಜ್ಜೆ ಮೊದಲು ನಿಂತುಬಿಡುತ್ತದೆ. ಆ ಕೊನೆಯ ಹೆಜ್ಜೆಗೆ ಹೊರಗಿನಿಂದ ಒಂದು ಸೂಚನೆ ಬೇಕು. ಹೊಸ ಮಳೆಯ ನೀರು ತಣ್ಣಗಿರುತ್ತದೆ, ಮಣ್ಣು ಕಲಕಿಕೊಂಡು ಬರುತ್ತದೆ, ಬೇಸಿಗೆಯ ನೀರಿಗಿಂತ ಅದರಲ್ಲಿ ಕರಗಿದ ಲವಣ ಕಡಿಮೆ, ಮುಖ್ಯವಾಗಿ ಅದಕ್ಕೆ ಸೆಳೆತವಿರುತ್ತದೆ. ಇಷ್ಟೂ ಒಟ್ಟಿಗೆ ಮೈಗೆ ತಾಗಿದಾಗ ಮೀನಿನ ಮೆದುಳಿನ ಅಡಿಯಲ್ಲಿರುವ ಪಿಟ್ಯುಟರಿ ಗ್ರಂಥಿ ಹಾರ್ಮೋನು ಬಿಡುತ್ತದೆ. ಕೆಲವೇ ಗಂಟೆಗಳಲ್ಲಿ ಮೊಟ್ಟೆ ಹೊರಬರಲು ಸಿದ್ಧ. ಮಳೆ ಬಾರದೆ ಹೋದರೆ? ಬಲಿತ ಮೊಟ್ಟೆಯನ್ನು ಮೀನಿನ ಮೈ ನಿಧಾನವಾಗಿ ತಾನೇ ಹೀರಿಕೊಳ್ಳುತ್ತದೆ. ಬರಗಾಲದ ವರ್ಷ ಹೊಟ್ಟೆ ತುಂಬಿದ ಮೀನು ಮೊಟ್ಟೆ ಇಡದೆಯೇ ಮುಂದಿನ ವರ್ಷಕ್ಕೆ ಕಾಯುತ್ತದೆ.

ಗದ್ದೆಯೇ ಏಕೆ ಎಂಬುದಕ್ಕೂ ಕಾರಣವಿದೆ. ಆಳದ ನೀರಿನಲ್ಲಿ ಬಾಳೆಮೀನು, ಕೊರವ, ನೀರುನಾಯಿ, ನೀರುಕಾಗೆ ಎಲ್ಲ ಕಾದಿರುತ್ತವೆ. ಅಂಗೈ ಆಳದ ಗದ್ದೆಯ ನೀರಿಗೆ ದೊಡ್ಡ ಮೀನು ಬರಲಾರದು. ಆ ನೀರು ಬಿಸಿಲು ಬಿದ್ದಾಗ ಬೇಗ ಬೆಚ್ಚಗಾಗುತ್ತದೆ, ಗೊಬ್ಬರ ಮತ್ತು ಕೊಳೆತ ಹುಲ್ಲಿನಿಂದ ಎರಡು ಮೂರು ದಿನಗಳಲ್ಲೇ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳಿಂದ ತುಂಬುತ್ತದೆ. ಮರಿಗೆ ಅದಕ್ಕಿಂತ ಒಳ್ಳೆಯ ತೊಟ್ಟಿಲು ಎಲ್ಲಿ ಸಿಗಬೇಕು? ಗಿರ್ಲು ಎಂಬ ಮೀಸೆಯ ಪುಟ್ಟ ಮೀನು ಮತ್ತು ಹಲವು ಬಗೆಯ ಸಣ್ಣ ಬೆಳ್ಳಿಮೀನುಗಳು ಈ ತೊಟ್ಟಿಲನ್ನು ಹುಡುಕಿಕೊಂಡೇ ಹತ್ತುತ್ತವೆ. ಮೊಟ್ಟೆ ಇಟ್ಟ ತಾಯಿ ಒಂದೆರಡು ದಿನಗಳಲ್ಲಿ ಹಿಂದಿರುಗುತ್ತದೆ. ಮರಿಗಳು ಅಲ್ಲೇ ಬೆಳೆದು, ಮಳೆ ಹದಕ್ಕೆ ಬಂದು ಗದ್ದೆಯ ನೀರು ಕಡಿಮೆಯಾಗುವ ಹೊತ್ತಿಗೆ ಅದೇ ಕಂಡಿಗಳಿಂದ ಹಳ್ಳಕ್ಕೆ, ಹಳ್ಳದಿಂದ ಹಿನ್ನೀರಿಗೆ ಇಳಿಯುತ್ತವೆ.

ಎಲ್ಲ ಮೀನೂ ಹತ್ತುವುದಿಲ್ಲ. ಕೊರವ ಜೋಡಿ ದಡದ ಹುಲ್ಲು ಜೊಂಡಿನ ನಡುವೆ ಸ್ವಲ್ಪ ಜಾಗ ಸ್ವಚ್ಛ ಮಾಡಿ ಅಲ್ಲೇ ಮೊಟ್ಟೆ ಇಡುತ್ತದೆ, ಮರಿ ಕಾಯುತ್ತದೆ. ಮಳೆಗಾಲದಲ್ಲಿ ತೆಳುನೀರಿನ ಮೇಲೆ ಕೆಂಪು ಮೋಡದಂತೆ ಒಟ್ಟಾಗಿ ಚಲಿಸುವ ನೂರಾರು ಮರಿಗಳನ್ನು ಕಂಡರೆ ಅದರ ಕೆಳಗೆ ತಾಯಿಯೋ ತಂದೆಯೋ ಇದೆ ಎಂದೇ ಲೆಕ್ಕ. ಆ ಮೋಡದ ನಡುವೆ ಗಾಳ ಬಿಟ್ಟರೆ ಕಾವಲಿರುವ ಮೀನು ಹಸಿವಿಲ್ಲದಿದ್ದರೂ ಸಿಟ್ಟಿಗೆ ಕಚ್ಚುತ್ತದೆ. ಹಾಗೆ ಹಿಡಿಯುವುದು ಸುಲಭ ಎಂದು ಬಹಳ ಜನ ಬಲ್ಲರು. ಕಾವಲು ತಪ್ಪಿದ ಮರಿಗಳನ್ನು ಸುತ್ತಲಿನ ಮೀನುಗಳು ಬೇಗನೆ ತಿಂದು ಮುಗಿಸುತ್ತವೆ. ಜಿಲೇಬಿ ಮೀನು ಇನ್ನೂ ಒಂದು ಹೆಜ್ಜೆ ಮುಂದೆ, ಮೊಟ್ಟೆಯನ್ನೂ ಎಳೆ ಮರಿಯನ್ನೂ ಬಾಯಲ್ಲೇ ಇಟ್ಟುಕೊಂಡು ಸಾಕುತ್ತದೆ. ಆಫ್ರಿಕಾ ಮೂಲದ ಈ ಮೀನನ್ನು ಭಾರತಕ್ಕೆ ತಂದದ್ದು 1952ರಲ್ಲಿ. ಮಳೆ, ಸೆಳೆತ, ಗದ್ದೆ ಯಾವುದರ ಹಂಗೂ ಇಲ್ಲದ್ದರಿಂದಲೇ ಇಂದು ನಾಡಿನ ಎಷ್ಟೋ ಕೆರೆ ಜಲಾಶಯಗಳಲ್ಲಿ ಅದು ತುಂಬಿಕೊಂಡಿದೆ.

ಆರಿದ್ರಾ, ಪುನರ್ವಸು ಕಳೆದು ಪುಷ್ಯ ಮಳೆ ಬರುವಷ್ಟರಲ್ಲಿ ಹಿನ್ನೀರು ದಿನಕ್ಕೆ ಅಡಿಗಟ್ಟಲೆ ಏರತೊಡಗುತ್ತದೆ. ಹೊಸಬರು ಇಲ್ಲೇ ತಪ್ಪು ಮಾಡುವುದು. ಇಷ್ಟು ನೀರು ಬಂದಿದೆ, ಮೀನೂ ಅಷ್ಟೇ ಸಿಗಬೇಕು ಎಂದುಕೊಳ್ಳುತ್ತಾರೆ. ವಾಸ್ತವದಲ್ಲಿ ಇದು ಬಲೆ ಹೆಚ್ಚು ಬರಿದಾಗಿ ಬರುವ ಕಾಲ. ಇದ್ದ ಮೀನು ಹತ್ತುಪಟ್ಟು ನೀರಿನಲ್ಲಿ ಹರಡಿಹೋಗಿದೆ, ಹೊಟ್ಟೆ ತುಂಬ ಆಹಾರ ಬೇರೆ ಸಿಕ್ಕಿದೆ. ಆ ಆಹಾರ ಎಲ್ಲಿಂದ ಬಂತು ಎಂಬುದು ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವ ಅತಿ ಮುಖ್ಯ ಸಂಗತಿ.

ಪಶ್ಚಿಮ ಘಟ್ಟದ ನೀರು ನೋಡಲು ಚೆಂದ, ಆದರೆ ಪೌಷ್ಟಿಕಾಂಶಗಳ ವಿಷಯದಲ್ಲಿ ಬಡವ. ಕಲ್ಲು ಮತ್ತು ಜಂಬಿಟ್ಟಿಗೆ ಮಣ್ಣಿನ ಮೇಲೆ ಹರಿದು ಬರುವ ಈ ನೀರಿನಲ್ಲಿ ಸುಣ್ಣ, ಲವಣ ತೀರಾ ಕಡಿಮೆ. ಬಯಲುಸೀಮೆಯ ಕೆರೆಯ ಹಸಿರು ನೀರು ಒಂದು ಎಕರೆಗೆ ಸಾಕುವಷ್ಟು ಮೀನನ್ನು ಇದು ಸಾಕಲಾರದು. ಹಾಗಿದ್ದರೂ ಇಲ್ಲಿ ಮೀನು ಕೊಬ್ಬುವುದು ಅಂಚಿನಿಂದ. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಬಯಲಾಗುವ ಸಾವಿರಾರು ಎಕರೆ ಕೆಸರಿನಲ್ಲಿ ಹುಲ್ಲು ಚಿಗುರುತ್ತದೆ. ದನಗಳು ಮೇಯುತ್ತವೆ, ಸಗಣಿ ಬೀಳುತ್ತದೆ, ಗೆದ್ದಲು, ಇರುವೆ, ಮಿಡತೆ, ಎರೆಹುಳು ಸೇರಿಕೊಳ್ಳುತ್ತವೆ. ಜುಲೈನಲ್ಲಿ ನೀರು ಮರಳಿ ಬಂದಾಗ ಇದೆಲ್ಲವೂ ಒಟ್ಟಿಗೆ ಮುಳುಗುತ್ತದೆ. ಹುಲ್ಲು ಕೊಳೆಯುತ್ತದೆ, ಅದರ ಮೇಲೆ ಸೂಕ್ಷ್ಮಜೀವಿಗಳು ಬೆಳೆಯುತ್ತವೆ, ಹುಳುಗಳು ತೇಲುತ್ತವೆ, ಮೀನು ಏರುವ ನೀರಿನ ತುದಿಯಲ್ಲೇ ಮೇಯುತ್ತ ಮೇಲೆ ಬರುತ್ತದೆ. ಅಮೆಜಾನ್ ಬಯಲುಗಳಲ್ಲಿ ಕೆಲಸ ಮಾಡಿದ ವೊಲ್ಫ್‌ಗಾಂಗ್ ಯುಂಕ್ ಮತ್ತು ಸಂಗಡಿಗರು 1989ರಲ್ಲಿ ದೊಡ್ಡ ನದಿಗಳ ಬಗ್ಗೆ ಇದೇ ಮಾತನ್ನು ಸಿದ್ಧಾಂತವಾಗಿ ಮಂಡಿಸಿದರು: ನದಿಯ ಮೀನಿನ ಸಮೃದ್ಧಿ ನಿಂತಿರುವುದು ನೆರೆ ಬಂದು ಹೋಗುವ ನಾಡಿಮಿಡಿತದ ಮೇಲೆ, ಒಮ್ಮೆ ನೆಲವಾಗಿ ಒಮ್ಮೆ ನೀರಾಗಿ ಬದಲಾಗುವ ಅಂಚಿನ ಮೇಲೆ. ನಮ್ಮಲ್ಲಿ ಆ ಮಿಡಿತವನ್ನು ಮಳೆ ಮತ್ತು ವಿದ್ಯುದಾಗಾರ ಸೇರಿ ನಡೆಸುತ್ತವೆ, ಅಷ್ಟೇ ವ್ಯತ್ಯಾಸ.

ಆದ್ದರಿಂದ ಮಳೆಗಾಲದಲ್ಲಿ ಮೀನು ಎಲ್ಲಿದೆ ಎಂದು ಕೇಳಿದರೆ, ಆಳದಲ್ಲಿ ಹುಡುಕಬೇಡಿ, ಹೊಸದಾಗಿ ಮುಳುಗಿದ ಹುಲ್ಲಿನ ಮೇಲೆ ಮೊಣಕಾಲುದ್ದದ ನೀರಿನಲ್ಲಿ ನೋಡಿ ಎನ್ನುತ್ತೇನೆ.

ನವರಾತ್ರಿಯ ಹೊತ್ತಿಗೆ ಹಸ್ತಾ, ಚಿತ್ತಾ ಮಳೆಗಳು ಬಂದು ಹೋಗುತ್ತಿರುವಾಗ ಹಿನ್ನೀರು ತುಂಬಿ ನಿಂತು, ಕೆಂಪು ಇಳಿದು, ತಿಳಿಯಾಗುತ್ತದೆ. ಮೀನು ಕೊಬ್ಬಿ ದುಂಡಾಗಿರುತ್ತದೆ. ತಿನ್ನುವ ಮೀನಿನ ರುಚಿ ಕೇಳುವವರಿಗೆ ನನ್ನ ಉತ್ತರ ಯಾವಾಗಲೂ ಇದೇ ತಿಂಗಳುಗಳು. ಮೊಟ್ಟೆ ಹೊತ್ತ ಮೀನಿನ ಮಾಂಸ ಸಪ್ಪೆ, ಅದರ ಕೊಬ್ಬೆಲ್ಲ ಮೊಟ್ಟೆಗೆ ಹೋಗಿರುತ್ತದೆ. ದೀಪಾವಳಿಯ ಮೀನಿನ ಸಾರಿನ ಮೇಲೆ ತೇಲುವ ಎಣ್ಣೆಯ ಪದರ ಮೀನಿನದ್ದೇ.

ನೀರು ತಿಳಿಯಾದ ಮೇಲೆ ಬಲೆಯ ಲೆಕ್ಕವೂ ಬದಲಾಗುತ್ತದೆ. ಹಿನ್ನೀರಿನಲ್ಲಿ ಹೆಚ್ಚು ಬಳಕೆಯಲ್ಲಿರುವುದು ಗೋಡೆಯಂತೆ ನಿಲ್ಲಿಸುವ ಬಲೆ. ಮೇಲಿನ ಹಗ್ಗಕ್ಕೆ ಬೆಂಡು, ಕೆಳಗಿನ ಹಗ್ಗಕ್ಕೆ ಭಾರ. ಸಂಜೆ ಹರಿಗೋಲಿನಲ್ಲಿ ಹೋಗಿ ಕಟ್ಟಿ ಬರುತ್ತಾರೆ, ಬೆಳಿಗ್ಗೆ ಹೋಗಿ ಬಿಡಿಸುತ್ತಾರೆ. ಮೀನು ಬಲೆಯ ಕಣ್ಣಿಗೆ ತಲೆ ತೂರಿಸುತ್ತದೆ, ಮೈ ಹೋಗುವುದಿಲ್ಲ, ಹಿಂದೆ ಸರಿದರೆ ದಾರ ಕಿವಿರಿಗೆ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಕಣ್ಣಿನ ಅಳತೆಯೇ ಯಾವ ಮೀನು ಸಾಯಬೇಕು, ಯಾವುದು ಉಳಿಯಬೇಕು ಎಂದು ತೀರ್ಮಾನಿಸುತ್ತದೆ. ಬೆಳದಿಂಗಳ ರಾತ್ರಿ ತಿಳಿನೀರಿನಲ್ಲಿ ದಾರ ಮೀನಿಗೆ ಕಾಣುತ್ತದೆ, ಅಮಾವಾಸ್ಯೆಯ ಸುತ್ತಿನ ದಿನಗಳಲ್ಲಿ ಬಲೆ ಭಾರವಾಗಿ ಬರುತ್ತದೆ. ಒಮ್ಮೆ ಬೆಳಗಿನ ಜಾವ ಚಿಕ್ಕಪ್ಪನ ಜೊತೆ ಬಲೆ ಬಿಡಿಸಲು ಹೋಗಿದ್ದೆ. ಅವರು ಒಂದೊಂದು ಕಾಟ್ಲಾವನ್ನೂ ಬಿಡಿಸಿ ಅದರ ಎದೆಯ ರೆಕ್ಕೆಯನ್ನು ಹೆಬ್ಬೆರಳಿನಿಂದ ಸವರಿ ನೋಡುತ್ತಿದ್ದರು. ಏಕೆ ಎಂದು ಕೇಳಿದೆ. “ಮಳೆಗಾಲಕ್ಕೆ ಗಂಡಿನ ರೆಕ್ಕೆ ಮರಳು ಕಾಗದದ ಹಾಗೆ ಒರಟಾಗುತ್ತದೆ, ಹೆಣ್ಣಿನದು ನುಣುಪು. ಈಗ ಎಲ್ಲವೂ ನುಣುಪಾಗುತ್ತ ಬಂದಿವೆ. ಅವುಗಳ ಕಾಲ ಮುಗಿಯಿತು, ಇನ್ನು ನಮ್ಮದು” ಎಂದರು. ಆಗ ಅದು ಹಳ್ಳಿಯ ಮಾತು ಎನಿಸಿತ್ತು. ಮುಂದೊಂದು ದಿನ ಮೀನುಮರಿ ಕೇಂದ್ರದಲ್ಲಿ ಗಂಡು ಹೆಣ್ಣು ಬೇರ್ಪಡಿಸುವವರು ಮಾಡುತ್ತಿದ್ದುದೂ ಅದನ್ನೇ.

ಕಾಟ್ಲಾದ ಮಾತು ಬಂದದ್ದರಿಂದ ಒಂದು ವಿಷಯ ಹೇಳಿಬಿಡುತ್ತೇನೆ. ಕಾಟ್ಲಾ, ರೋಹು, ಮೃಗಾಲ ನಮ್ಮ ಹೊಳೆಯವಲ್ಲ, ಗಂಗಾ ಬಯಲಿನವು. ಮೂರೂ ಒಂದೇ ನೀರಿನಲ್ಲಿ ಜಗಳವಿಲ್ಲದೆ ಬಾಳುತ್ತವೆ, ಏಕೆಂದರೆ ಕಾಟ್ಲಾ ಮೇಲ್ಪದರದಲ್ಲಿ ಮೇಯುತ್ತದೆ, ರೋಹು ನಡುನೀರಿನಲ್ಲಿ, ಮೃಗಾಲ ತಳದಲ್ಲಿ. ಕಾಟ್ಲಾದ ಬಾಯಿ ಮೇಲಕ್ಕೆ ತಿರುಗಿರುವುದನ್ನು, ಮೃಗಾಲದ ಬಾಯಿ ಕೆಳಕ್ಕಿರುವುದನ್ನು ನೋಡಿದರೆ ಸಾಕು, ಎಲ್ಲಿ ಉಣ್ಣುತ್ತವೆ ಎಂದು ಬೇರೆ ಹೇಳಬೇಕಿಲ್ಲ. ಆದರೆ ಇವು ನಿಂತ ನೀರಿನಲ್ಲಿ ಮೊಟ್ಟೆ ಇಡುವುದಿಲ್ಲ, ನೆರೆಯ ಸೆಳೆತವೇ ಬೇಕು. 1957ರ ಜುಲೈ 10ರಂದು ಕಟಕ್‌ನಲ್ಲಿ ಹೀರಾಲಾಲ್ ಚೌಧುರಿ ಮತ್ತು ಸಂಗಡಿಗರು ಪಿಟ್ಯುಟರಿ ಗ್ರಂಥಿಯ ರಸವನ್ನು ಚುಚ್ಚಿ, ಹೊಳೆಯಿಲ್ಲದೆಯೇ ಈ ಜಾತಿಯ ಗೆಂಡೆಗಳು ಮೊಟ್ಟೆ ಇಡುವಂತೆ ಮಾಡಿದರು. ಮಳೆ ಮಾಡಬೇಕಾದ ಕೆಲಸವನ್ನು ಸೂಜಿ ಮಾಡಿತು. ದೇಶದಲ್ಲಿ ಆ ದಿನವನ್ನು ಮೀನು ಕೃಷಿಕರ ದಿನವಾಗಿ ಆಚರಿಸುತ್ತಾರೆ. ನಮ್ಮ ಶಿವಮೊಗ್ಗ ಜಿಲ್ಲೆಯಲ್ಲಿ ಭದ್ರಾ ಅಣೆಕಟ್ಟಿನ ಬಳಿಯಿರುವ ಬಿ.ಆರ್.ಪ್ರಾಜೆಕ್ಟ್‌ನಂಥ ಕೇಂದ್ರಗಳಲ್ಲಿ ಮರಿ ತಯಾರಾಗಿ ಕೆರೆ, ಜಲಾಶಯಗಳಿಗೆ ಹೋಗುವುದು ಈ ವಿಧಾನದ ಫಲ. ಮೀನುಗಾರರ ಹೊಟ್ಟೆಪಾಡಿಗೆ ಇದರಿಂದ ದೊಡ್ಡ ಆಸರೆಯಾಗಿದೆ, ಅದನ್ನು ಅಲ್ಲಗಳೆಯಲಾರೆ. ಆದರೆ ಮರಿ ತಂದು ಬಿಡುತ್ತೇವಲ್ಲ, ಹತ್ತುಮೀನು ಹೋದರೇನು ಎನ್ನುವವರ ಜೊತೆ ನನಗೆ ಒಪ್ಪಿಗೆಯಿಲ್ಲ. ಗಿರ್ಲಿನ ಮರಿಯನ್ನು ತಂದು ಬಿಡುವವರು ಯಾರಿದ್ದಾರೆ?

ಡಿಸೆಂಬರ್, ಜನವರಿಯ ಬೆಳಗಿನಲ್ಲಿ ಹಿನ್ನೀರಿನ ಮೇಲೆ ಹಬೆ ಏಳುತ್ತದೆ. ನೀರಿಗಿಂತ ಗಾಳಿ ತಣ್ಣಗಿರುವುದರ ಗುರುತು ಅದು. ಮೀನು ತಣ್ಣನೆ ರಕ್ತದ ಜೀವಿ, ನೀರು ತಂಪಾದಂತೆ ಅದರ ಜೀರ್ಣಶಕ್ತಿ ಕುಗ್ಗುತ್ತದೆ, ಆಹಾರ ಹುಡುಕುವ ಆತುರವೂ ಇಳಿಯುತ್ತದೆ. ತೆಳುನೀರು ಎಲ್ಲಕ್ಕಿಂತ ಬೇಗ ತಣಿಯುವುದರಿಂದ ಮೀನು ಅಲ್ಲಿಂದ ಆಳಕ್ಕೆ ಸರಿಯುತ್ತದೆ. ಗಾಳ ಹಾಕುವವರು ಈ ತಿಂಗಳುಗಳಲ್ಲಿ ನಸುಕಿನಲ್ಲಿ ಎದ್ದು ಹೋಗುವ ಅಗತ್ಯವಿಲ್ಲ. ಬಿಸಿಲೇರಿ ದಡದ ಕಲ್ಲು ಕಾದ ಮೇಲೆ ಹೋದರೆ ಸಾಕು.

ಇದೇ ಕಾಲದಲ್ಲಿ ಗೌರಿ ಮೀನು, ಅಂದರೆ ಸಾಮಾನ್ಯ ಗೆಂಡೆ, ಮೊಟ್ಟೆ ಇಡಲು ದಡಕ್ಕೆ ಬರುತ್ತದೆ. ಹೊರದೇಶದಿಂದ ಬಂದ ಈ ಮೀನಿಗೆ ಸೆಳೆತ ಬೇಡ. ಜನವರಿಯಿಂದ ಮಾರ್ಚ್‌ವರೆಗೆ ಒಂದು ಬಾರಿ, ಮಳೆಗಾಲದಲ್ಲಿ ಮತ್ತೊಂದು ಬಾರಿ, ತೆಳುನೀರಿನ ಜೊಂಡು ಪಾಚಿಗಳಿಗೆ ಅಂಟುವ ಮೊಟ್ಟೆ ಇಡುತ್ತದೆ. ಮೊಟ್ಟೆ ಒಡೆಯಲು ಎರಡು ಮೂರು ದಿನ ಬೇಕು. ಮೊದಲು ಹಾಕಿದ ಲೆಕ್ಕವನ್ನು ನೆನಪಿಸಿಕೊಳ್ಳಿ: ಮೂರು ದಿನಕ್ಕೆ ನೀರು ಹತ್ತು ಅಂಗುಲ ಇಳಿಯುತ್ತದೆ. ಗೇಣುದ್ದದ ನೀರಿನಲ್ಲಿ ಇಟ್ಟ ಮೊಟ್ಟೆ ಮರಿಯಾಗುವ ಮೊದಲೇ ಬಿಸಿಲಿಗೆ ಬೀಳುತ್ತದೆ. ಫೆಬ್ರವರಿಯ ಒಂದು ಮಧ್ಯಾಹ್ನ ದಡದ ಒಣಗಿದ ಜೊಂಡನ್ನು ಕಿತ್ತು ನೋಡಿದ್ದೆ. ಎಲೆಯ ಮೇಲೆ ಸಬ್ಬಕ್ಕಿಯಂತೆ ಸಾಲಾಗಿ ಅಂಟಿದ್ದ ಮೊಟ್ಟೆಗಳು ಬೆಳ್ಳಗಾಗಿ, ಮುಟ್ಟಿದರೆ ಪುಡಿಯಾಗುತ್ತಿದ್ದವು. ಹತ್ತು ಹೆಜ್ಜೆ ಕೆಳಗೆ ನೀರಿತ್ತು. ಹತ್ತುವ ಮೀನಿಗೆ ಈ ಕಷ್ಟವಿಲ್ಲ. ಅದು ಮೊಟ್ಟೆ ಇಡುವುದು ಏರುವ ನೀರಿನಲ್ಲಿ. ಅಣೆಕಟ್ಟು ಬಂದ ಮೇಲೂ ಹಳೆಯ ಹೊಳೆಯ ಮೀನುಗಳು ಉಳಿದುಕೊಂಡದ್ದಕ್ಕೆ ಒಂದು ಕಾರಣ ಇಲ್ಲಿದೆ. ಮಳೆಗಾಲದಲ್ಲಿ ಏರುವುದು, ಬೇಸಿಗೆಯಲ್ಲಿ ಇಳಿಯುವುದು ಎಂಬ ಹೊಳೆಯ ಹಳೆಯ ಕ್ರಮವನ್ನು ಅಣೆಕಟ್ಟು ಹಿಗ್ಗಿಸಿತು, ತಲೆಕೆಳಗು ಮಾಡಲಿಲ್ಲ.

ಏಪ್ರಿಲ್, ಮೇ ಬಂದರೆ ಹಿನ್ನೀರು ಕುಗ್ಗಿ ಮತ್ತೆ ಹೊಳೆಯ ರೂಪಕ್ಕೆ ಮರಳುತ್ತದೆ. ನೀರು ತೀರಾ ಇಳಿದ ವರ್ಷ ಲಿಂಗನಮಕ್ಕಿಗಿಂತ ಮೊದಲು ಕಟ್ಟಿದ್ದ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ಇಡಿಯಾಗಿ ಮೇಲೆದ್ದು ನಿಲ್ಲುತ್ತದೆ, ನೋಡಲು ಜನ ಹೋಗುತ್ತಾರೆ. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈನಲ್ಲಿ ತೆರೆಯುವ ಮೊದಲು, ಇಂಥ ಬೇಸಿಗೆಗಳಲ್ಲಿ ಲಾಂಚಿನಲ್ಲಿ ವಾಹನ ದಾಟಿಸುವುದನ್ನೇ ನಿಲ್ಲಿಸುತ್ತಿದ್ದರು. 300 ಚದರ ಕಿಲೋಮೀಟರ್‌ನಲ್ಲಿ ಹರಡಿದ್ದ ಮೀನೆಲ್ಲ ಈಗ ಹಳೆಯ ಪಾತ್ರದ ಗುಂಡಿಗಳಲ್ಲಿ ಒತ್ತೊತ್ತಾಗಿ ಸೇರಿರುತ್ತದೆ. ಬಲೆಗೆ ಅತಿ ಹೆಚ್ಚು ಬೀಳುವ ಕಾಲ ಇದೇ. ಅತಿ ಸುಲಭವಾಗಿ ಬರಿದು ಮಾಡಬಹುದಾದ ಕಾಲವೂ ಇದೇ.

ಕವಲುಗಳ ತುದಿಯಲ್ಲಿ ಹೊಳೆಯಿಂದ ಕಡಿದುಹೋದ ಗುಂಡಿಗಳ ಕಥೆ ಇನ್ನೂ ಕಠಿಣ. ಹಗಲು ಪಾಚಿ ಆಮ್ಲಜನಕ ಬಿಡುತ್ತದೆ, ರಾತ್ರಿ ಅದೇ ಪಾಚಿ ಆಮ್ಲಜನಕ ತಿನ್ನುತ್ತದೆ. ಬೆಳಗಿನ ಜಾವಕ್ಕೆ ನೀರಿನಲ್ಲಿ ಉಸಿರಾಡಲು ಏನೂ ಉಳಿದಿರುವುದಿಲ್ಲ. ಆ ಹೊತ್ತಿಗೆ ಗುಂಡಿಯ ಬಳಿ ಹೋದರೆ ನೂರಾರು ಬಾಯಿಗಳು ನೀರಿನ ಮೇಲೆ ಪಚಪಚ ಎನ್ನುತ್ತಿರುತ್ತವೆ. ಬಿಸಿಲೇರಿದರೆ ಬದುಕುತ್ತವೆ, ಮೋಡ ಕವಿದ ದಿನವಾದರೆ ಬಿಳಿ ಹೊಟ್ಟೆ ಮೇಲಾಗಿ ತೇಲುತ್ತವೆ. ಕೊರವ, ಚೇಳುಮೀನುಗಳು ಮಾತ್ರ ನೆಮ್ಮದಿಯಾಗಿರುತ್ತವೆ, ಅವು ಮೇಲೆ ಬಂದು ನೇರವಾಗಿ ಗಾಳಿಯನ್ನೇ ನುಂಗಿ ಉಸಿರಾಡಬಲ್ಲವು. ಸಾಗರ, ಸೊರಬದ ಊರುಗಳಲ್ಲಿ ಕೆರೆಬೇಟೆ ನಡೆಯುವುದೂ ಇದೇ ಕಾಲದಲ್ಲಿ. ನೀರು ಸೊಂಟಕ್ಕಿಳಿದ ಕೆರೆಗೆ ಕೂಣಿಗೆ ಇಷ್ಟು ಎಂದು ಹಣ ಕಟ್ಟಿ ನೂರಾರು ಜನ ಒಟ್ಟಿಗೆ ಇಳಿಯುತ್ತಾರೆ. ಕೂಣಿ ಎಂದರೆ ಮೇಲೂ ಕೆಳಗೂ ತೆರೆದ, ಬಿದಿರಿನ ಮೊನಚು ಬುಟ್ಟಿ. ಕೆಸರಿಗೆ ಊರಿದಾಗ ಒಳಗೆ ಮೀನಿದ್ದರೆ ಅದು ಕಡ್ಡಿಗೆ ಬಡಿಯುವುದು ಅಂಗೈಗೆ ತಿಳಿಯುತ್ತದೆ. ಮೇಲಿನ ಬಾಯಿಂದ ಕೈ ಹಾಕಿ ಎತ್ತಿಕೊಳ್ಳುವುದು. ಹೇಗೂ ಬತ್ತಿಹೋಗುವ ಕೆರೆಯ ಮೀನನ್ನು ಊರೆಲ್ಲ ಹಂಚಿಕೊಳ್ಳುವ ಈ ಪದ್ಧತಿಯಲ್ಲಿ ನನಗೆ ತಪ್ಪೇನೂ ಕಾಣುವುದಿಲ್ಲ.

ಹತ್ತುಮೀನಿನ ವಿಷಯ ಹಾಗಲ್ಲ. ಮಳೆಗಾಲದ ಆರಂಭದಲ್ಲಿ ಮೀನು ಹಿಡಿಯುವುದನ್ನು ನಿರ್ಬಂಧಿಸಿ ಮೀನುಗಾರಿಕೆ ಇಲಾಖೆ ಆದೇಶ ಹೊರಡಿಸುತ್ತದೆ. 1996ರ ಕರ್ನಾಟಕ ಒಳನಾಡು ಮೀನುಗಾರಿಕೆ ಕಾಯ್ದೆಯೂ ಇದೆ. ಹಿನ್ನೀರಿನ ಒಂದು ಭಾಗ ಶರಾವತಿ ಕಣಿವೆ ಅಭಯಾರಣ್ಯಕ್ಕೆ ಸೇರಿರುವುದರಿಂದ ಅಲ್ಲಿ ಅರಣ್ಯ ಇಲಾಖೆಯ ಕಟ್ಟಳೆ ಬೇರೆ. ಆದರೂ ಮೊದಲ ಮಳೆಯ ರಾತ್ರಿ ಕತ್ತಿ, ಬ್ಯಾಟರಿ ಹಿಡಿದು ಗದ್ದೆಗೆ ಹೋಗುವ ಸಂಭ್ರಮ ನಮ್ಮಲ್ಲಿ ಎಷ್ಟು ಆಳಕ್ಕೆ ಇಳಿದಿದೆ ಎಂಬುದು ನನಗೆ ಗೊತ್ತು, ನಾನೂ ಹೋದವನೇ. ಒಂದು ಕಿಲೋ ತೂಗುವ ರೋಹುವಿನ ಹೊಟ್ಟೆಯಲ್ಲಿ ಎರಡು ಮೂರು ಲಕ್ಷ ಮೊಟ್ಟೆ ಇರುತ್ತದೆ, ಇಟ್ಟ ಹದಿನೈದು ಹದಿನೆಂಟು ಗಂಟೆಗಳಲ್ಲಿ ಮರಿ ಹೊರಬರುತ್ತದೆ. ಲಕ್ಷದಲ್ಲಿ ಬದುಕುವುದು ಕೆಲವೇ ಕೆಲವು, ಸರಿ. ಆದರೆ ಮೊಟ್ಟೆ ಇಡಲು ಒಂದೇ ಒಂದು ದಿನ ಸಿಕ್ಕಿದ್ದರೆ ಸಾಕಿತ್ತು ಎನ್ನುವ ಮೀನನ್ನು ಆ ದಿನದ ಹಿಂದಿನ ರಾತ್ರಿ ಕಡಿಯುತ್ತೇವೆ. ಹಿಂದೆ ಮನೆಗೊಂದು ಬುಟ್ಟಿ ಮೀನಿಗೆ ನಿಲ್ಲುತ್ತಿದ್ದುದು ಈಗ ಹಳ್ಳದ ಬಾಯಿಗೇ ಸೊಳ್ಳೆಪರದೆಯಂಥ ಬಲೆ ಕಟ್ಟುವಲ್ಲಿಗೆ ಬಂದಿದೆ. ಅಂಥ ಬಲೆಗೆ ಕಣ್ಣೇ ಇಲ್ಲ ಎನ್ನಬೇಕು, ದೊಡ್ಡದು ಸಣ್ಣದು ಎಂಬ ಭೇದ ಅದಕ್ಕಿಲ್ಲ.

ಕಳೆದುಕೊಳ್ಳುವುದು ತಿನ್ನುವ ಮೀನನ್ನು ಮಾತ್ರವೂ ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ತಂಡ ಶರಾವತಿಯ ಮೇಲ್ಭಾಗದ ಹಳ್ಳಗಳಲ್ಲಿ ಹುಡುಕಾಡಿ ಕಂಡ ಎರಡು ಪುಟ್ಟ ಮೀನುಗಳಿಗೆ 2006ರಲ್ಲಿ ಹೆಸರಿಟ್ಟಿತು: ಷಿಸ್ಟ್ಯುರಾ ನಾಗೋಡಿಯೆನ್ಸಿಸ್, ಷಿಸ್ಟ್ಯುರಾ ಶರಾವತಿಯೆನ್ಸಿಸ್. ಒಂದು ನಾಗೋಡಿಯ ಹೆಸರು ಹೊತ್ತಿದೆ, ಇನ್ನೊಂದು ಹೊಳೆಯದ್ದು. ಕಲ್ಲಿನ ಸಂದಿಯಲ್ಲಿ ಬಾಳುವ ಪಟ್ಟೆಪಟ್ಟೆಯ ಮೀನುಗಳು ಇವು. ನಿತ್ಯಹರಿದ್ವರ್ಣದ ಕಾಡು ಉಳಿದಿರುವ ಪಶ್ಚಿಮದ ಹಳ್ಳಗಳಲ್ಲೇ ಘಟ್ಟಕ್ಕೆ ವಿಶಿಷ್ಟವಾದ ಮೀನುಗಳು ಹೆಚ್ಚು ಎಂದೂ ಆ ಅಧ್ಯಯನ ತೋರಿಸಿತು. ಹಳ್ಳಕ್ಕೆ ನೆರಳು ಬೇಕು, ವರ್ಷವಿಡೀ ತೆಳುವಾಗಿಯಾದರೂ ಹರಿವು ಬೇಕು. ಹಿನ್ನೀರು ಎಷ್ಟೇ ದೊಡ್ಡದಿದ್ದರೂ ಈ ಮೀನುಗಳಿಗೆ ಅದು ಮನೆಯಾಗಲಾರದು.

ನಮ್ಮೂರಿನ ಮೋರಿಯ ಒಂದು ಸಂಗತಿ ಹೇಳಬೇಕು. ರಸ್ತೆ ಅಗಲ ಮಾಡಿದಾಗ ಹಳೆಯ ಕಲ್ಲುಮೋರಿ ತೆಗೆದು ಸಿಮೆಂಟಿನ ಕೊಳವೆ ಹಾಕಿದರು. ಕೊಳವೆಯ ಬಾಯಿ ಹಳ್ಳಕ್ಕಿಂತ ಎರಡು ಅಡಿ ಎತ್ತರದಲ್ಲಿ ನಿಂತಿತು. ಮೊದಲ ಮಳೆಗೆ ಬಂದ ಮೀನುಗಳು ಹಾರಿ ಹಾರಿ ಕೆಳಗೇ ಬೀಳುತ್ತಿದ್ದವು. ದೊಡ್ಡವು ಹೇಗೋ ದಾಟಿದವು, ಬೆರಳುದ್ದದ ಗಿರ್ಲುಗಳಿಗೆ ಆಗಲಿಲ್ಲ. ಮಕ್ಕಳು ಬಕೆಟ್‌ನಲ್ಲಿ ಗೋರಿಕೊಂಡು ಹೋದರು. ಎರಡು ವರ್ಷ ಹಾಗೆಯೇ ನಡೆಯಿತು. ಮೂರನೆಯ ವರ್ಷ ಮೇ ತಿಂಗಳ ಕೊನೆಗೆ ನಾವು ನಾಲ್ಕೈದು ಜನ ಸೇರಿ ಕೊಳವೆಯ ಬಾಯಿಂದ ಹಳ್ಳದವರೆಗೆ ಜಂಬಿಟ್ಟಿಗೆ ಕಲ್ಲುಗಳನ್ನು ಮೆಟ್ಟಿಲಿನಂತೆ ಜೋಡಿಸಿದೆವು. ಒಂದೊಂದು ಮೆಟ್ಟಿಲೂ ಗೇಣಿಗಿಂತ ಕಡಿಮೆ ಎತ್ತರ, ನಡುವೆ ಮೀನು ನಿಂತು ದಣಿವಾರಿಸಿಕೊಳ್ಳಲು ಬೊಗಸೆಯಷ್ಟು ಗುಂಡಿ. ಮೃಗಶಿರಾ ಹುಟ್ಟಿ ನಾಲ್ಕನೆಯ ದಿನ ಮಳೆ ಹಿಡಿಯಿತು. ರಾತ್ರಿ ಹನ್ನೊಂದರ ಸುಮಾರಿಗೆ ಬ್ಯಾಟರಿಗೆ ಕೆಂಪು ಕಾಗದ ಸುತ್ತಿಕೊಂಡು ಹೋಗಿ ನೋಡಿದೆವು. ಮೂರನೆಯ ಮೆಟ್ಟಿಲಿನ ಗುಂಡಿಯಲ್ಲಿ ಏಳೆಂಟು ಗಿರ್ಲುಗಳು ಮೀಸೆ ಅಲ್ಲಾಡಿಸುತ್ತ, ನೀರಿಗೆ ಎದುರಾಗಿ ನಿಂತಿದ್ದವು. ನಾವು ನೋಡುತ್ತಿದ್ದಂತೆಯೇ ಒಂದು ಮೇಲಿನ ಮೆಟ್ಟಿಲಿಗೆ ಹಾರಿತು.